ಪಾಪಾಸುಕಳ್ಳಿ: ಆರೈಕೆ ಮತ್ತು ಅಳಿವಿನ ಚರಿತ್ರೆ

ಕರ್ನಾಟಕದ ಬಯಲುಸೀಮೆಯಲ್ಲಿ ಹಾಳುಬಿದ್ದ ಕೋಟೆಗಳ ಕಂದಕಗಳಲ್ಲಿ, ಹಿತ್ತಿಲಿನ ಮೂಲೆಗಳಲ್ಲಿ, ಹೊಲದ ಬದುಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ ಪಾಪಾಸುಕಳ್ಳಿಯನ್ನು ಜನಸಾಮಾನ್ಯರು ಈ ನೆಲದ್ದೇ ಗಿಡವೆಂದು ತಿಳಿಯುವುದುಂಟು. ವಾಸ್ತವವಾಗಿ ಇದು ಅಮೆರಿಕ ಖಂಡದಿಂದ ಬಂದ ಸಸ್ಯ. ಕಳ್ಳಿ ಎಂಬ ಪದ ಕನ್ನಡದಲ್ಲಿ ಹಳೆಯದು. ಆದರೆ ಆ ಪದ ಮೂಲದಲ್ಲಿ ಸೂಚಿಸುತ್ತಿದ್ದುದು ಬೊಂತೆಗಳ್ಳಿ, ಎಲೆಗಳ್ಳಿ, ಚದುರಗಳ್ಳಿ ಮೊದಲಾದ ಹಾಲು ಒಸರುವ ಗಿಡಗಳನ್ನು. ಇವು ಯೂಫೋರ್ಬಿಯಾ ಜಾತಿಗೆ ಸೇರಿದವು. ಬೊಂತೆಗಳ್ಳಿಯ ಶಾಸ್ತ್ರೀಯ ನಾಮದಲ್ಲಿರುವ ‘ತಿರುಕಲ್ಲಿ’ ಎಂಬ ಮಾತು ಮಲಯಾಳದ ಹೆಸರಿನಿಂದಲೇ ಯುರೋಪಿನ ಸಸ್ಯಶಾಸ್ತ್ರಕ್ಕೆ ಹೋಯಿತು. ಪಾಪಾಸುಕಳ್ಳಿಯನ್ನು ಮುರಿದರೆ ಹಾಲು ಬರುವುದಿಲ್ಲ. ಅಂಟಾದ ಲೋಳೆ ಬರುತ್ತದೆ. ಈ ಒಂದೇ ಲಕ್ಷಣದಿಂದ ಎರಡನ್ನೂ ಬೇರ್ಪಡಿಸಬಹುದು.

ಹೊರಗಿನಿಂದ ಬಂದ ಗಿಡಕ್ಕೆ ಜನ ಇದ್ದ ಹೆಸರನ್ನೇ ಕೊಟ್ಟು, ಅದರ ಹಿಂದೆ ಒಂದು ಗುರುತಿನ ಪದವನ್ನು ಸೇರಿಸಿದರು. ಪಾಪಾಸು ಎಂದರೆ ಕಾಲಿನ ಜೋಡು. ಪಾರಸಿಯ ‘ಪಾಪೋಶ್’ ಎಂಬ ಪದವೇ ಕನ್ನಡದಲ್ಲಿ ಹೀಗಾಗಿದೆ. ಅಂಗಾಲಿನಷ್ಟು ಅಗಲದ, ಅಟ್ಟೆಯಂತೆ ಚಪ್ಪಟೆಯಾದ ಹೋಳುಗಳನ್ನು ಕಂಡವರು ಇದನ್ನು ಜೋಡಿನ ಕಳ್ಳಿ ಎಂದು ಕರೆದರು. ತಮಿಳಿನ ‘ಸಪ್ಪಾತ್ತುಕ್ಕಳ್ಳಿ’ಯೂ ಇದೇ ಅರ್ಥದ್ದು. ಅಲ್ಲಿ ಸಪ್ಪಾತ್ತು ಎಂಬುದು ಜೋಡಿಗೆ ಪೋರ್ಚುಗೀಸರಿಂದ ಬಂದ ಪದ. ಎರಡು ನೆರೆಭಾಷೆಗಳು ಒಂದೇ ಹೋಲಿಕೆಯನ್ನು ಕಂಡು, ಒಂದು ಪಾರಸಿಯಿಂದಲೂ ಇನ್ನೊಂದು ಪೋರ್ಚುಗೀಸಿನಿಂದಲೂ ಪದವನ್ನು ಎರವಲು ಪಡೆದುದು ಕುತೂಹಲಕರ ಸಂಗತಿ. ಗಿಡ ಈ ನಾಡಿಗೆ ಬಂದ ಕಾಲವನ್ನು ನಿಖರವಾಗಿ ಹೇಳುವ ಶಾಸನವನ್ನು ಹುಡುಕುವುದಕ್ಕಿಂತ, ಅದು ಪಾರಸಿ ಮತ್ತು ಪೋರ್ಚುಗೀಸ್ ಪದಗಳು ಜನರ ನಾಲಗೆಯ ಮೇಲಿದ್ದ ಕಾಲದ ಗಿಡ ಎಂಬುದನ್ನು ಹೆಸರೇ ಸಾರುತ್ತಿರುವುದನ್ನು ಗಮನಿಸುವುದು ಲೇಸು.

ಪಾಪಾಸುಕಳ್ಳಿಯ ಭಾರತೀಯ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರೆಯಲಾಗಿದೆ. ಈಸ್ಟ್ ಇಂಡಿಯಾ ಕಂಪನಿಯ ಇತಿಹಾಸಕಾರರಿಗೆ ಅದು ಮದರಾಸಿನ ಬಣ್ಣದ ಉದ್ಯಮದ ವೈಫಲ್ಯದ ಕತೆ. ಕೀಟಶಾಸ್ತ್ರಜ್ಞರಿಗೆ ಕಳೆಯೊಂದನ್ನು ಕೀಟದಿಂದ ಗೆದ್ದ ಸಾಫಲ್ಯದ ಕತೆ. ಈ ಎರಡು ಕತೆಗಳ ನಡುವೆ, ಅದನ್ನು ಮನೆಯ ಸುತ್ತ ನೆಟ್ಟು, ಬೆಳೆಸಿ, ಬಳಸಿದ ರೈತನ ಸ್ಥಾನವೇನು ಎಂಬ ಪ್ರಶ್ನೆ ಹೆಚ್ಚಿನ ಗಮನ ಪಡೆದಿಲ್ಲ. ಗಿಡಕ್ಕೆ ಯಾರು ಯಾವ ಉದ್ದೇಶದಿಂದ ಆರೈಕೆ ಮಾಡಿದರು ಎಂಬ ದೃಷ್ಟಿಯಿಂದ ನೋಡಿದರೆ ಈ ಎರಡೂ ಕತೆಗಳು ಒಂದೇ ಚರಿತ್ರೆಯ ಭಾಗಗಳಾಗಿ ಕಾಣುತ್ತವೆ.

ಗಿಡ ಮತ್ತು ಅದರ ಸಾಗುವಳಿ

ಪಾಪಾಸುಕಳ್ಳಿ ಎಂಬುದು ಒಂದೇ ಪ್ರಭೇದದ ಹೆಸರಲ್ಲ. ದಕ್ಷಿಣ ಭಾರತದಲ್ಲಿ ಈ ಹೆಸರಿನಡಿ ಮುಖ್ಯವಾಗಿ ಮೂರು ಪ್ರಭೇದಗಳು ನೆಲೆಗೊಂಡವು: ಒಪುನ್ಶಿಯಾ ಮೋನಕ್ಯಾಂತ, ಒಪುನ್ಶಿಯಾ ಡಿಲ್ಲೆನಿ ಮತ್ತು ಒಪುನ್ಶಿಯಾ ಇಲೇಟಿಯರ್. ಮೆಕ್ಸಿಕೋದಲ್ಲಿ ಹಣ್ಣಿಗಾಗಿಯೂ ಕಾಯಿಪಲ್ಯಕ್ಕಾಗಿಯೂ ಬೆಳೆಸುವ ಒಪುನ್ಶಿಯಾ ಫೈಕಸ್‌ ಇಂಡಿಕಾ ನಾಲ್ಕನೆಯದು. ಹೆಸರಿನಲ್ಲಿ ಇಂಡಿಯಾ ಇದ್ದರೂ ಅದಕ್ಕೂ ಭಾರತಕ್ಕೂ ಮೂಲದ ನಂಟಿಲ್ಲ. ಈ ಭೇದಗಳನ್ನು ಅರಿಯದೆ ಹೋದದ್ದೇ ಮುಂದಿನ ಅನೇಕ ಎಡವಟ್ಟುಗಳಿಗೆ ಕಾರಣವಾಯಿತಾದ್ದರಿಂದ ಇಲ್ಲಿಯೇ ಅದನ್ನು ಹೇಳಬೇಕಾಗಿದೆ.

ಜನ ಎಲೆಯೆಂದು ಕರೆಯುವ ಚಪ್ಪಟೆ ಹೋಳು ನಿಜಕ್ಕೂ ಕಾಂಡ. ನಿಜವಾದ ಎಲೆ ಎಳೆಯ ಹೋಳಿನ ಮೇಲೆ ಸಣ್ಣ ಮೊನೆಯಂತೆ ಕಾಣಿಸಿಕೊಂಡು ಬೇಗನೆ ಉದುರಿಹೋಗುತ್ತದೆ. ಹೋಳಿನ ಮೇಲಿನ ಕಣ್ಣುಗಳಲ್ಲಿ ದೊಡ್ಡ ಮುಳ್ಳುಗಳ ಜೊತೆಗೆ, ಬರಿಗಣ್ಣಿಗೆ ಅಷ್ಟಾಗಿ ಕಾಣದ, ತುದಿಯಲ್ಲಿ ಕೊಕ್ಕೆಯುಳ್ಳ ಸೂಕ್ಷ್ಮ ಮುಳ್ಳುಗಳ ಗೊಂಚಲಿರುತ್ತದೆ. ಕೈಗೆ ಚುಚ್ಚಿ ದಿನಗಟ್ಟಲೆ ನೋಯಿಸುವುದು ಈ ಸಣ್ಣ ಮುಳ್ಳುಗಳೇ. ಹಗಲಿನ ಬಿಸಿಲಿನಲ್ಲಿ ಗಿಡ ತನ್ನ ಉಸಿರಾಟದ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ನೀರಿನ ನಷ್ಟ ಇದರಿಂದ ಕಡಿಮೆಯಾಗುತ್ತದೆ. ಬರದ ಸೀಮೆಯಲ್ಲಿ ಇತರ ಬೇಲಿಗಿಡಗಳು ಒಣಗಿದಾಗಲೂ ಇದು ಹಸಿರಾಗಿರಲು ಕಾರಣ ಇದೇ.

ಇದನ್ನು ಬೆಳೆಸುವ ವಿಧಾನ ಮೆಕ್ಸಿಕೋದಲ್ಲೂ ದಕ್ಷಿಣ ಭಾರತದ ಹಿತ್ತಿಲಿನಲ್ಲೂ ಮೂಲತಃ ಒಂದೇ. ಬಲಿತ ಹೋಳನ್ನು ಗೆಣ್ಣಿನಲ್ಲಿ ಕತ್ತರಿಸಿ, ಒಂದೆರಡು ವಾರ ನೆರಳಿನಲ್ಲಿಟ್ಟು, ಗಾಯ ಒಣಗಿ ಗಟ್ಟಿಯಾದ ಮೇಲೆ ಬುಡದ ಭಾಗವನ್ನು ಮರಳು ಬೆರೆತ ಮಣ್ಣಿನಲ್ಲಿ ಊರಬೇಕು. ಹಸಿಗಾಯದೊಂದಿಗೆ ನೆಟ್ಟರೆ, ಅಥವಾ ನೆಟ್ಟ ಕೂಡಲೆ ನೀರು ಹೊಯ್ದರೆ, ಹೋಳು ಕೊಳೆಯುತ್ತದೆ. ಬೇರು ಬಿಟ್ಟ ಮೇಲೆಯೂ ಮಣ್ಣು ಪೂರ್ತಿ ಒಣಗಿದ ನಂತರವೇ ನೀರು ಕೊಡುವುದು ರೂಢಿ. ನೀರು ನಿಲ್ಲುವ ಎರೆನೆಲ ಇದಕ್ಕೆ ಆಗದು. ಗರಸು, ಮರಳು, ಕಲ್ಲುಭೂಮಿ ಒಗ್ಗುತ್ತದೆ. ಬೇಲಿ ಹಾಕುವವರಿಗೆ ಇಷ್ಟು ಎಚ್ಚರವೂ ಬೇಕಿರಲಿಲ್ಲ. ಹೊಲದ ಅಂಚಿನಲ್ಲಿ ಮಣ್ಣಿನ ಒಡ್ಡು ಹಾಕಿ, ಅದರ ಮೇಲೆ ಹೋಳುಗಳನ್ನು ಸಾಲಾಗಿ ಎಸೆದರೂ ಮಳೆಗಾಲ ಕಳೆಯುವಷ್ಟರಲ್ಲಿ ಬೇರು ಹಿಡಿಯುತ್ತಿದ್ದವು. ಕಲ್ಲಿನ ಗೋಡೆ ಕಟ್ಟಲು ಹಣವಿಲ್ಲದ, ಕಟ್ಟಿಗೆಯ ಬೇಲಿಯನ್ನು ವರ್ಷವರ್ಷವೂ ಹೊಸದು ಮಾಡಲು ಶಕ್ತಿಯಿಲ್ಲದ ರೈತನಿಗೆ ಇದು ಖರ್ಚಿಲ್ಲದ ಬೇಲಿ.

ಮನೆಬಳಕೆ ಬೇಲಿಗಷ್ಟೇ ಸೀಮಿತವಾಗಿರಲಿಲ್ಲ. ಡಿಲ್ಲೆನಿಯ ನೇರಳೆಗೆಂಪಿನ ಹಣ್ಣನ್ನು ಮಕ್ಕಳು ನೆಲಕ್ಕೆ ಉಜ್ಜಿ, ಸಣ್ಣ ಮುಳ್ಳುಗಳನ್ನು ಕಳೆದು ತಿನ್ನುತ್ತಿದ್ದರು. 1890ರ ದಶಕದ ಆರಂಭದಲ್ಲಿ ಹೊರಬಂದ ‘ಫಾರ್ಮಾಕೋಗ್ರಾಫಿಯಾ ಇಂಡಿಕಾ’ ಎಂಬ ಔಷಧಗ್ರಂಥವು ಸುಟ್ಟ ಹಣ್ಣನ್ನು ನಾಯಿಕೆಮ್ಮಿಗೆ ಕೊಡುವ ರೂಢಿಯನ್ನೂ, ಬಿಸಿಮಾಡಿ ಜಜ್ಜಿದ ಹೋಳನ್ನು ಬಾವಿಗೆ ಕಟ್ಟುವ ರೂಢಿಯನ್ನೂ ದಾಖಲಿಸಿದೆ. ಬರಗಾಲದಲ್ಲಿ ಹೋಳನ್ನು ಬೆಂಕಿಯಲ್ಲಿ ಸುಟ್ಟು ಮುಳ್ಳು ಕಳೆದು, ಕೊಚ್ಚಿ, ದನಗಳಿಗೆ ಹಾಕುವ ಪದ್ಧತಿ ದಖ್ಖನಿನಲ್ಲಿ ಕಂಡುಬಂದಿತು. ಅದರಲ್ಲಿ ನೀರಿನಂಶವೇ ಹೆಚ್ಚು, ಸತ್ವ ಕಡಿಮೆ. ಒಣಮೇವಿನ ಜೊತೆ ಬೆರೆಸದೆ ಅದನ್ನೇ ತಿಂದ ದನ ಭೇದಿಯಿಂದ ಸೊರಗುತ್ತದೆ. ಆದರೂ ಮೇವೇ ಇಲ್ಲದ ವರ್ಷದಲ್ಲಿ ದನವನ್ನು ಉಳಿಸಿಕೊಳ್ಳುವ ಕೊನೆಯ ಉಪಾಯ ಅದಾಗಿತ್ತು.

ಬೇಲಿಯಾಗಿ ಇದರ ಅತಿದೊಡ್ಡ ಬಳಕೆ ಸರಕಾರದ್ದೇ ಎಂಬುದು ವಿಚಿತ್ರವಾದರೂ ಸತ್ಯ. ಉತ್ತರ ಭಾರತದಲ್ಲಿ ಉಪ್ಪಿನ ಸುಂಕವನ್ನು ಕಾಯಲು ಎ. ಓ. ಹ್ಯೂಮ್ 1867ರ ನಂತರ ಸುಂಕದ ಗಡಿಯುದ್ದಕ್ಕೂ ಬೆಳೆಸಿದ ಜೀವಂತ ಬೇಲಿಯಲ್ಲಿ, ಜಾಲಿ, ಬೋರೆ, ಕವಳೆಗಳ ಜೊತೆ ಒಣಸೀಮೆಗಳಲ್ಲಿ ಪಾಪಾಸುಕಳ್ಳಿಯನ್ನೂ ನೆಡಲಾಗಿತ್ತು. 1879ರಲ್ಲಿ ಆ ಸುಂಕದ ಗಡಿ ರದ್ದಾಯಿತು. ಹ್ಯೂಮ್ ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬನಾದನು.

ಮದರಾಸಿನ ನೊಪಾಲ್ ತೋಟ

ಹದಿನೆಂಟನೆಯ ಶತಮಾನದ ಯುರೋಪಿಗೆ ಪಾಪಾಸುಕಳ್ಳಿ ಮುಖ್ಯವಾದದ್ದು ಬೇಲಿಗಾಗಿ ಅಲ್ಲ, ಬಣ್ಣಕ್ಕಾಗಿ. ಬಣ್ಣ ಬರುವುದು ಹಣ್ಣಿನಿಂದ ಎಂಬ ತಪ್ಪು ತಿಳಿವಳಿಕೆ ಇಂದಿಗೂ ಇದೆ. ಹಣ್ಣಿನ ಕೆಂಪು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ನಿಲ್ಲುವ ಕೆಂಪು, ಗಿಡದ ರಸ ಹೀರಿ ಬದುಕುವ ಕೊಚಿನೀಲ್ ಎಂಬ ಸಣ್ಣ ಹುಳುವಿನ ಹೆಣ್ಣಿನ ದೇಹದಲ್ಲಿರುತ್ತದೆ. ಕನ್ನಡದಲ್ಲಿ ಇಂಥ ಕಡುಗೆಂಪಿಗೆ ಬಹು ಹಿಂದಿನಿಂದ ಇರುವ ‘ಕಿರಮಂಜಿ’ ಎಂಬ ಹೆಸರು ಅರಬ್ಬಿಯ ‘ಕಿರ್ಮಿಜ್’ ಎಂಬುದಕ್ಕೆ ಸಂಬಂಧಿಸಿದ್ದು. ಅದೂ ಒಂದು ಹುಳುವಿನ ಬಣ್ಣದ ಹೆಸರೇ. ಮೆಕ್ಸಿಕೋದ ಓಹಾಕ ಪ್ರಾಂತದಲ್ಲಿ ಮೂಲನಿವಾಸಿಗಳು ಸ್ಪೇನಿನವರು ಬರುವ ಮೊದಲೇ ಈ ಹುಳುವನ್ನು ಸಾಕುತ್ತಿದ್ದರು. ವಶಪಡಿಸಿಕೊಂಡ ಸ್ಪೇನ್ ಈ ವ್ಯಾಪಾರವನ್ನು ಶತಮಾನಗಳ ಕಾಲ ತನ್ನ ಏಕಸ್ವಾಮ್ಯದಲ್ಲಿ ಇಟ್ಟುಕೊಂಡಿತು. ಬ್ರಿಟಿಷ್ ಸೈನ್ಯದ ಅಧಿಕಾರಿಗಳ ಕೆಂಪಂಗಿಗೆ ಬೇಕಾದ ಬಣ್ಣವನ್ನು ಬ್ರಿಟನ್ ತನ್ನ ಪ್ರತಿಸ್ಪರ್ಧಿಯಿಂದಲೇ ಕೊಳ್ಳಬೇಕಾಗಿತ್ತು.

ಓಹಾಕದ ಪದ್ಧತಿ ಪೂರ್ತಿಯಾಗಿ ಮನೆಹಿತ್ತಿಲಿನ ಕೃಷಿ. ಕುಟುಂಬವೊಂದು ತನ್ನ ಮನೆಯ ಬಳಿಯ ಸಣ್ಣ ತುಂಡು ನೆಲದಲ್ಲಿ ನೊಪಾಲ್ ಎಂದು ಕರೆಯುವ ಕಳ್ಳಿಯ ಸಾಲುಗಳನ್ನು ನೆಡುತ್ತಿತ್ತು. ಗಿಡ ಎರಡು ಮೂರು ವರ್ಷಗಳಲ್ಲಿ ಬಲಿತ ಮೇಲೆ, ನಾರಿನಿಂದ ಅಥವಾ ಪಾಚಿಯಿಂದ ಮಾಡಿದ ಪುಟ್ಟ ಗೂಡುಗಳಲ್ಲಿ ಮರಿ ಇಡಲಿರುವ ಹೆಣ್ಣುಗಳನ್ನು ಇಟ್ಟು, ಅವನ್ನು ಹೋಳುಗಳಿಗೆ ಸಿಕ್ಕಿಸಲಾಗುತ್ತಿತ್ತು. ಹೊರಬಂದ ಮರಿಗಳು ಹೋಳಿನ ಮೇಲೆ ಹರಡಿ ಅಂಟಿಕೊಂಡು, ಸುಮಾರು ಮೂರು ತಿಂಗಳಲ್ಲಿ ಬಲಿಯುತ್ತಿದ್ದವು. ಮಳೆ ಬಂದರೆ ಚಾಪೆ ಮುಚ್ಚಬೇಕು. ಹಿಮಕ್ಕೆ ಹೊಗೆ ಹಾಕಬೇಕು. ಹಕ್ಕಿ, ಕೋಳಿ, ಇತರ ಕೀಟಗಳನ್ನು ದಿನವೂ ಕಾಯಬೇಕು. ಬಲಿತ ಹೆಣ್ಣುಗಳನ್ನು ಮೃದುವಾದ ಕುಂಚದಿಂದ ಗುಡಿಸಿ, ಬಿಸಿನೀರಿನಲ್ಲಿ ಅಥವಾ ಬಿಸಿಲಿನಲ್ಲಿ ಕೊಂದು ಒಣಗಿಸುತ್ತಿದ್ದರು. ಒಂದು ಪೌಂಡಿಗೆ ಸುಮಾರು 70,000 ಹುಳುಗಳು ಬೇಕಾಗುತ್ತಿದ್ದವು. ಈ ಸಾಕುಹುಳು ಶತಮಾನಗಳ ಪೋಷಣೆಯಿಂದ ಮನುಷ್ಯನನ್ನೇ ಅವಲಂಬಿಸಿದ ಜೀವಿ. ಅದರ ಮೈಮೇಲೆ ತೆಳುವಾದ ಬೂದಿಯಂಥ ಪುಡಿ ಮಾತ್ರವಿದ್ದು, ಮಳೆಗೆ ನಿಲ್ಲುವ ಶಕ್ತಿ ಅದಕ್ಕಿಲ್ಲ. ಇದಕ್ಕೆ ಪ್ರತಿಯಾಗಿ ಕಾಡುಹುಳುಗಳು ಬಿಳಿಯ ಹತ್ತಿಯಂಥ ದಪ್ಪ ಹೊದಿಕೆಯೊಳಗೆ ತಾವೇ ಬದುಕುತ್ತವೆ. ಅವುಗಳಲ್ಲಿ ಬಣ್ಣ ಕಡಿಮೆ, ಮೇಣ ಹೆಚ್ಚು.

ಫ್ರೆಂಚ್ ಸಸ್ಯಶಾಸ್ತ್ರಜ್ಞ ತಿಯೆರಿ ದ ಮೆನೊನ್‌ವಿಲ್ 1777ರಲ್ಲಿ ಓಹಾಕಕ್ಕೆ ಗುಟ್ಟಾಗಿ ಹೋಗಿ ಹುಳು ಮತ್ತು ಕಳ್ಳಿಯ ಹೋಳುಗಳನ್ನು ಸ್ಯಾನ್ ಡೊಮಿಂಗ್‌ಗೆ ಸಾಗಿಸಿದನು. 1780ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಸಾಗುವಳಿಯ ಗ್ರಂಥ 1787ರಲ್ಲಿ ಅಚ್ಚಾಯಿತು. ಈ ಪೈಪೋಟಿಯ ಹಿನ್ನೆಲೆಯಲ್ಲಿ ಮದರಾಸಿನ ಕಂಪನಿ ವೈದ್ಯ ಜೇಮ್ಸ್ ಆ್ಯಂಡರ್ಸನ್ನನ ಪ್ರಯತ್ನವನ್ನು ನೋಡಬೇಕು. 1786ರ ಡಿಸೆಂಬರಿನಲ್ಲಿ ಅವನು ಮದರಾಸಿನ ಹುಲ್ಲೊಂದರ ಮೇಲೆ ಕೊಚಿನೀಲನ್ನು ಹೋಲುವ ಹುಳುವನ್ನು ಕಂಡು ಲಂಡನ್ನಿನ ಜೋಸೆಫ್ ಬ್ಯಾಂಕ್ಸನಿಗೆ ಬರೆದನು. ಆ ಹುಳುವಿನಲ್ಲಿ ಕೆಲಸಕ್ಕೆ ಬರುವ ಬಣ್ಣವಿರಲಿಲ್ಲ. ಆದರೆ ಈ ಪತ್ರವ್ಯವಹಾರದ ಫಲವಾಗಿ ಕಂಪನಿ ನಿಜವಾದ ಹುಳುವನ್ನೇ ತರಿಸುವ ಆಸೆ ಹೊತ್ತು, ಮೊದಲು ಅದರ ಆಹಾರದ ಗಿಡವನ್ನು ಬೆಳೆಸಲು ಮದರಾಸಿನ ಸೈದಾಪೇಟೆಯಲ್ಲಿ ನೊಪಾಲ್ ತೋಟವನ್ನು ಹಾಕಿತು. ಲಂಡನ್ನಿನ ಕ್ಯೂ ಉದ್ಯಾನದಿಂದ ಗಿಡಗಳು ಬಂದವು. ಆ್ಯಂಡರ್ಸನ್ನನ ಸೋದರಳಿಯ ಆ್ಯಂಡ್ರೂ ಬೆರ‍್ರಿ ಅದರ ಮೇಲ್ವಿಚಾರಕನಾದನು.

ತೋಟ ಸಿದ್ಧವಾಯಿತು, ಹುಳು ಇರಲಿಲ್ಲ. ಅದು ಬಂದ ರೀತಿ ಯೋಜನೆಗಿಂತ ಆಕಸ್ಮಿಕಕ್ಕೇ ಹೆಚ್ಚು ಸೇರಿದ್ದು. 52ನೆಯ ರೆಜಿಮೆಂಟಿನ ಕ್ಯಾಪ್ಟನ್ ನೀಲ್ಸನ್ ಎಂಬುವನು ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಬ್ರೆಜಿಲಿನ ರಿಯೋ ಡಿ ಜನೈರೋ ಬಂದರಿನಲ್ಲಿ ಹಡಗು ತಂಗಿದಾಗ, ಕಳ್ಳಿಯ ಮೇಲೆ ಹುಳುವನ್ನು ಕಂಡನು. ಮದರಾಸಿನಲ್ಲಿ ಆ್ಯಂಡರ್ಸನ್ನನಿಗೆ ಇದು ಬೇಕಾಗಿತ್ತೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ಆ ರೆಜಿಮೆಂಟು 1791–92ರಲ್ಲಿ ಕಾರ್ನ್‌ವಾಲಿಸನ ಸೈನ್ಯದೊಂದಿಗೆ ಟಿಪ್ಪುವಿನ ವಿರುದ್ಧ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ಮುಂದೆ ಹೋರಾಡಿದ ರೆಜಿಮೆಂಟೇ. ಹಡಗು 1795ರಲ್ಲಿ ಕಲ್ಕತ್ತೆ ತಲುಪುವಷ್ಟರಲ್ಲಿ ಹೊತ್ತುತಂದ ಗಿಡಗಳ ಪೈಕಿ ಬಹುತೇಕ ಹಾಳಾಗಿ, ಕೆಲವೇ ಹುಳುಗಳು ಬದುಕಿ ಉಳಿದಿದ್ದವು. ರಾಕ್ಸ್‌ಬರ್ಗನ ಮೇಲ್ವಿಚಾರಣೆಯಲ್ಲಿದ್ದ ಕಂಪನಿಯ ಸಸ್ಯೋದ್ಯಾನದಲ್ಲಿ ಅವನ್ನು ಬಿಡಲಾಯಿತು. ಅಲ್ಲಿಂದ ಮದರಾಸಿಗೆ ಕಳುಹಿಸಲಾಯಿತು. ಆ್ಯಂಡರ್ಸನ್ ಅದೇ ವರ್ಷ ಈ ಆಮದಿನ ವೃತ್ತಾಂತವನ್ನು ಮದರಾಸಿನಲ್ಲಿ ಅಚ್ಚು ಹಾಕಿಸಿದನು.

ಹುಳು ಬೆಳೆಯಿತು. ಆದರೆ ಎಲ್ಲಿ ಬೆಳೆಯಿತು ಎಂಬುದರಲ್ಲಿಯೇ ವೈಫಲ್ಯದ ಬೀಜವಿತ್ತು. ಬಂದದ್ದು ಓಹಾಕದ ಸಾಕುಹುಳುವಲ್ಲ, ದಕ್ಷಿಣ ಅಮೆರಿಕದ ಕಾಡುಹುಳು. ಇಂದು ಇದನ್ನು ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್ ಎಂದು ಕರೆಯುತ್ತಾರೆ. ಅದು ಎಚ್ಚರದಿಂದ ಸಾಕಿದ ಕ್ಯೂ ನೊಪಾಲನ್ನು ಬಿಟ್ಟು, ಬೇಲಿಗಳಲ್ಲಿ ತಾನೇ ಬೆಳೆದಿದ್ದ ಮೋನಕ್ಯಾಂತದ ಮೇಲೆ ಹಬ್ಬಿತು. ಆ ಕಳ್ಳಿಯೂ ದಕ್ಷಿಣ ಅಮೆರಿಕದ್ದೇ, ಹುಳುವಿನ ತವರಿನ ಗಿಡವೇ. ಕಂಪನಿ ಹಣ ಖರ್ಚು ಮಾಡಿ ಬೆಳೆಸಿದ ಗಿಡ ನಿಷ್ಪ್ರಯೋಜಕವಾಗಿ, ರೈತನ ಬೇಲಿ ಹುಳುವಿನ ಮೇವಾಯಿತು. ಜೊತೆಗೆ ಕಾಡುಹುಳು ತಾನು ಕುಳಿತ ಗಿಡವನ್ನೇ ಹೀರಿ ಒಣಗಿಸುವಂಥದು. ಅದನ್ನು ಬೆಳೆಯಾಗಿ ನಡೆಸಬೇಕಾದರೆ ಹೊಸ ಗಿಡಗಳನ್ನು ನಿರಂತರ ಒದಗಿಸಬೇಕು. ಕಡಿಮೆ ಬಣ್ಣದ ಸರಕಿಗೆ ಲಂಡನ್ನಿನಲ್ಲಿ ಕಡಿಮೆ ಬೆಲೆ. ನಿಜವಾದ ಹುಳುವನ್ನು ತಂದವರಿಗೆ ಕಂಪನಿ ಬಹುಮಾನ ಘೋಷಿಸಿದರೂ ಅದರಿಂದ ಉದ್ಯಮ ನೆಲೆನಿಲ್ಲಲಿಲ್ಲ. 1800ರ ಹೊತ್ತಿಗೆ ನೊಪಾಲ್ ತೋಟವನ್ನು ಸರಕಾರ ಕೈಬಿಟ್ಟಿತು.

ಇಲ್ಲಿ ಇನ್ನೊಂದು ಅಂಶವನ್ನೂ ಹೇಳಬೇಕು. ಕೊಚಿನೀಲ್ ಬಣ್ಣ ಉಣ್ಣೆಗೂ ರೇಷ್ಮೆಗೂ ಚೆನ್ನಾಗಿ ಹಿಡಿಯುತ್ತದೆ, ಹತ್ತಿಗೆ ಅಷ್ಟಾಗಿ ಅಲ್ಲ. ಹತ್ತಿಯ ನಾಡಾದ ದಕ್ಷಿಣ ಭಾರತದ ಬಣ್ಣಗಾರರಿಗೆ ಮಂಜಿಷ್ಠ ಮೊದಲಾದ ಬೇರುಗಳ ಕೆಂಪು ಇತ್ತು; ರೇಷ್ಮೆಗೆ ಅರಗಿನ ಬಣ್ಣವೂ ಕುಸುಬೆಯೂ ಇದ್ದವು. ಹೊಸ ಹುಳುವನ್ನು ಸಾಕಲು ಸ್ಥಳೀಯ ಕಸುಬುದಾರನಿಗೆ ಒಳಗಿನಿಂದ ಹುಟ್ಟಿದ ಕಾರಣವಿರಲಿಲ್ಲ. ಓಹಾಕದಲ್ಲಿ ಕುಟುಂಬದ ಕೈಗಳು ಶತಮಾನಗಳಿಂದ ಕಲಿತ ಕೆಲಸವನ್ನು ಸೈದಾಪೇಟೆಯಲ್ಲಿ ಕೂಲಿಯಿಂದ ಮಾಡಿಸಲು ಹೊರಟದ್ದು, ಹುಳುವಿನ ಆಯ್ಕೆಯ ತಪ್ಪಿನಷ್ಟೇ ದೊಡ್ಡ ತಪ್ಪೆನ್ನಬೇಕು.

ಆ್ಯಂಡರ್ಸನ್ ಮಾತ್ರ ಗಿಡದ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳಲಿಲ್ಲ. ನೊಪಾಲಿನ ಹೋಳು ಕಿತ್ತ ಮೇಲೆಯೂ ಬಹುಕಾಲ ಹಸಿಯಾಗಿ ಉಳಿಯುವುದನ್ನು ಕಂಡ ಅವನು, ಹಡಗಿನ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗಕ್ಕೆ ಅದನ್ನು ತರಕಾರಿಯಾಗಿ ಕೊಡಬೇಕೆಂದು ವಾದಿಸಿ, 1808ರಲ್ಲಿ ಈ ಕುರಿತ ದಾಖಲೆಗಳನ್ನು ಪ್ರಕಟಿಸಿದನು. ಮರುವರ್ಷ ಅವನು ತೀರಿಕೊಂಡನು. ಮೆಕ್ಸಿಕೋದವರು ಎಳೆಯ ಹೋಳನ್ನು ಪಲ್ಯ ಮಾಡಿ ಉಣ್ಣುವುದನ್ನು ಬಲ್ಲ ಇಂದಿನವರಿಗೆ ಇದು ನಗೆಪಾಟಲಿನ ಸಲಹೆಯಾಗಿ ಕಾಣುವುದಿಲ್ಲ.

ಬೇಲಿಯಿಂದ ಕಳೆಗೆ

ಮದರಾಸಿನ ಉದ್ಯಮ ಮುಗಿದರೂ ಹುಳು ಮುಗಿಯಲಿಲ್ಲ. ಅದು ಉತ್ತರ ಮತ್ತು ಮಧ್ಯ ಭಾರತದ ಮೋನಕ್ಯಾಂತ ಬೇಲಿಗಳನ್ನು ಮೆಲ್ಲಗೆ ನಾಶಮಾಡುತ್ತ ಹೋಯಿತು. ಬಣ್ಣಕ್ಕಾಗಿ ತಂದ ಕೀಟಕ್ಕೆ ಕಳೆ ಕೊಲ್ಲುವ ಗುಣವಿದೆ ಎಂಬುದು ಆಗ ಆಡಳಿತಗಾರರ ಕಣ್ಣಿಗೆ ಬಿತ್ತು. 1836–38ರಲ್ಲಿ ಅದನ್ನು ಉದ್ದೇಶಪೂರ್ವಕವಾಗಿ ದಕ್ಷಿಣ ಭಾರತಕ್ಕೂ, 1860ರ ದಶಕದಲ್ಲಿ ದಕ್ಷಿಣ ಭಾರತದಿಂದ ಸಿಂಹಳಕ್ಕೂ ಒಯ್ಯಲಾಯಿತು. ಕಳೆಯೊಂದನ್ನು ಹತೋಟಿಗೆ ತರಲು ಅದರ ಶತ್ರುಕೀಟವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಿದ ಮೊದಲ ಯಶಸ್ವೀ ಉದಾಹರಣೆಯೆಂದು ಕೀಟಶಾಸ್ತ್ರದ ಗ್ರಂಥಗಳು ಇದನ್ನು ಸ್ಮರಿಸುತ್ತವೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಸರಕಾರ ನೇಮಿಸಿದ್ದ ಆಯೋಗದ ಸದಸ್ಯರಾದ ಜಾನ್‌ಸ್ಟನ್ ಮತ್ತು ಟ್ರಯಾನ್ 1912–14ರ ತಮ್ಮ ಪ್ರವಾಸದಲ್ಲಿ ಭಾರತಕ್ಕೂ ಸಿಂಹಳಕ್ಕೂ ಬಂದು ಈ ಹುಳುವನ್ನು ಕೊಂಡೊಯ್ದರು. 1788ರಲ್ಲಿ ಆರ್ಥರ್ ಫಿಲಿಪ್ ಬಣ್ಣದ ಆಸೆಯಿಂದಲೇ ಆಸ್ಟ್ರೇಲಿಯಕ್ಕೆ ಕಳ್ಳಿಯನ್ನೂ ಹುಳುವನ್ನೂ ಒಯ್ದಿದ್ದನು. ಅವನು ಅವನ್ನು ಪಡೆದದ್ದೂ ರಿಯೋ ಡಿ ಜನೈರೋದಿಂದಲೇ.

ಆದರೆ ಮೋನಕ್ಯಾಂತ ಖಾಲಿ ಮಾಡಿದ ಜಾಗ ಖಾಲಿಯಾಗಿ ಉಳಿಯಲಿಲ್ಲ. ಡಿಲ್ಲೆನಿಯನ್ನು ಸಿಲೋನಿಕಸ್ ಹುಳು ಮುಟ್ಟುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಪ್ರಾಂತ, ದಖ್ಖನ್ ಮತ್ತು ಮೈಸೂರು ಸೀಮೆಯ ಒಣನೆಲಗಳಲ್ಲಿ ಹಬ್ಬಿದ ಪೊದೆ ಮುಖ್ಯವಾಗಿ ಈ ಡಿಲ್ಲೆನಿಯದು. ಹಣ್ಣು ತಿಂದ ಹಕ್ಕಿಗಳು ಬೀಜ ಹರಡಿದವು; ಪ್ರವಾಹ ಮುರಿದ ಹೋಳುಗಳನ್ನು ಹಳ್ಳದುದ್ದಕ್ಕೂ ನೆಟ್ಟಿತು. ಊರಿನ ಗೋಮಾಳ, ಕೆರೆಯ ಅಂಗಳ, ಹಾಳುಮನೆ ಎಲ್ಲವೂ ತುಂಬಿದವು. ಹಾವು, ಚೇಳು, ಹೆಗ್ಗಣಗಳಿಗೆ ಆಶ್ರಯವಾಯಿತೆಂದು ಆರೋಗ್ಯಾಧಿಕಾರಿಗಳೂ, ಸಾಗುವಳಿ ಭೂಮಿ ನಷ್ಟವಾಯಿತೆಂದು ಕಂದಾಯದವರೂ ದೂರಿದರು. ಕಡಿದರೆ ಪ್ರತಿ ತುಂಡೂ ಹೊಸ ಗಿಡವಾಗುತ್ತದೆ. ರಾಶಿ ಹಾಕಿದರೆ ರಾಶಿಯೇ ಚಿಗುರುತ್ತದೆ. ಹಸಿಯಾಗಿರುವುದರಿಂದ ಸುಲಭವಾಗಿ ಸುಡುವುದೂ ಇಲ್ಲ. ಆಳವಾಗಿ ಹೂಳುವುದೊಂದೇ ದಾರಿ, ಅದಕ್ಕೆ ತಗಲುವ ಕೂಲಿ ನೆಲದ ಬೆಲೆಯನ್ನು ಮೀರುತ್ತಿತ್ತು. ಬೇಲಿಯಾಗಿ ಅದನ್ನು ಮೆಚ್ಚಿಸಿದ ಗುಣಗಳೇ ಕಳೆಯಾಗಿ ಅದನ್ನು ಅಸಾಧ್ಯವಾಗಿಸಿದ್ದವು.

ಪರಿಹಾರ ಬಂದದ್ದು ಮತ್ತೊಂದು ಬಣ್ಣದ ಹುಳುವಿನಿಂದ. ಮೆಕ್ಸಿಕೋ ಮೂಲದ ಡ್ಯಾಕ್ಟಿಲೋಪಿಯಸ್ ಒಪುನ್ಶಿಯೇ ಆಸ್ಟ್ರೇಲಿಯದ ಮೂಲಕ 1924ರಲ್ಲಿ ಸಿಂಹಳಕ್ಕೆ, ಅಲ್ಲಿಂದ 1926ರಲ್ಲಿ ಭಾರತಕ್ಕೆ ಬಂದಿತು. ಆಗಿನ ವರದಿಗಳು ಇದನ್ನು ಟೊಮೆಂಟೋಸಸ್ ಎಂಬ ಬೇರೆ ಹೆಸರಿನಿಂದ ಕರೆದಿರುವುದರಿಂದ ಹಳೆಯ ದಾಖಲೆಗಳನ್ನು ಓದುವವರು ಎಚ್ಚರ ವಹಿಸಬೇಕು. ಇದು ಡಿಲ್ಲೆನಿ ಮತ್ತು ಇಲೇಟಿಯರ್ ಎರಡನ್ನೂ ಹಿಡಿಯಿತು. ಹುಳು ಹತ್ತಿದ ಒಂದು ಹೋಳನ್ನು ಮುರಿದು ಆರೋಗ್ಯವಾಗಿರುವ ಪೊದೆಯ ಮೇಲಿಟ್ಟರೆ ಸಾಕಾಗಿತ್ತು. ಉಳಿದದ್ದನ್ನು ತೆವಳುವ ಮರಿಗಳೂ ಗಾಳಿಯೂ ಮಾಡಿದವು. ಕೆಲವೇ ವರ್ಷಗಳಲ್ಲಿ ದಕ್ಷಿಣದ ಬೃಹತ್ ಪೊದೆಗಳು ಬಿಳಿಯ ಹತ್ತಿಯಿಂದ ಮುಚ್ಚಿ, ಹಳದಿಯಾಗಿ, ಕುಸಿದುಬಿದ್ದವು. ಮೈಸೂರು ಸಂಸ್ಥಾನದಲ್ಲಿ ಆಗ ಕೃಷಿ ಇಲಾಖೆಯ ನಿರ್ದೇಶಕರು ಲೆಸ್ಲಿ ಕೋಲ್ಮನ್, ಕೀಟಶಾಸ್ತ್ರಜ್ಞರು ಕುಂಞಿಕಣ್ಣನ್. ಸಂಸ್ಥಾನದಲ್ಲಿ ಕಳ್ಳಿಯ ಹತೋಟಿಯನ್ನು ಕುರಿತು ಕುಂಞಿಕಣ್ಣನ್ನರು ಮೈಸೂರು ಕೃಷಿ ಸಂಘದ ಪತ್ರಿಕೆಯಲ್ಲಿ 1930ರಲ್ಲಿ ಬರೆದ ಲೇಖನ ಈ ವಿಷಯದ ಆರಂಭಿಕ ಬರಹಗಳಲ್ಲಿ ಒಂದು. ಕರ್ನಾಟಕದ ವಿಜ್ಞಾನಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲವೆಂದೇ ಹೇಳಬೇಕು.

ಇದು ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ವಿಷವಿಲ್ಲದೆ, ಹೆಚ್ಚು ಖರ್ಚಿಲ್ಲದೆ ನೆಲ ಬಿಡುಗಡೆಯಾಯಿತು. ಆದರೆ ಹುಳುವಿಗೆ ಗೋಮಾಳದ ಪೊದೆ ಯಾವುದು, ಬಡವನ ಹಿತ್ತಿಲಿನ ಬೇಲಿ ಯಾವುದು ಎಂಬ ಭೇದ ತಿಳಿಯದು. ತೆರಿಗೆದಾರನ ಹೊಲಕ್ಕೆ ಲಾಭವಾದ ಅದೇ ವರ್ಷದಲ್ಲಿ ಬೇಲಿ ಕಳೆದುಕೊಂಡವನು ಮತ್ತೆ ಕಟ್ಟಿಗೆಯನ್ನೋ ಕತ್ತಾಳೆಯನ್ನೋ ಬೊಂತೆಗಳ್ಳಿಯನ್ನೋ ಹುಡುಕಬೇಕಾಯಿತು. ಇಲಾಖೆಯ ಲೆಕ್ಕದಲ್ಲಿ ಬಿಡುಗಡೆಯಾದ ನೆಲಕ್ಕೆ ಅಂಕಣವಿದೆ, ಸತ್ತ ಬೇಲಿಗೆ ಅಂಕಣವಿಲ್ಲ.

ಈ ಪ್ರಶ್ನೆ ಎಷ್ಟು ಗಂಭೀರವಾಗಬಹುದೆಂಬುದನ್ನು ಹಿಂದೂ ಮಹಾಸಾಗರದ ಆಚೆಯ ಮಡಗಾಸ್ಕರದ ಉದಾಹರಣೆ ತೋರಿಸುತ್ತದೆ. ಅಲ್ಲಿನ ದಕ್ಷಿಣ ತುದಿಯ ಫೋರ್ಟ್ ಡೋಫಿನ್‌ಗೆ ಫ್ರೆಂಚ್ ಅಧಿಕಾರಿ ಮೊದಾವ್ 1760ರ ದಶಕದ ಕೊನೆಯಲ್ಲಿ ಕೋಟೆಯ ರಕ್ಷಣೆಗೆಂದು ಮೋನಕ್ಯಾಂತವನ್ನು ತಂದನು. ಮುಂದೆ ಆ ಒಣಸೀಮೆಯ ತಾಂದ್ರುಯಿ ಜನ ಅದನ್ನೇ ದನದ ದೊಡ್ಡಿಗೂ, ಊರಿನ ಕಾವಲಿಗೂ, ಬೇಸಿಗೆಯ ಮೇವಿಗೂ, ನೀರಿಲ್ಲದ ತಿಂಗಳುಗಳಲ್ಲಿ ತಮ್ಮ ಹೊಟ್ಟೆಗೂ ಆಧಾರ ಮಾಡಿಕೊಂಡರು. 1924ರ ಸುಮಾರಿನಲ್ಲಿ ಬಣ್ಣದ ಹುಳುವನ್ನು ಆ ದ್ವೀಪದಲ್ಲಿ ಬಿಡಲಾಯಿತು. ಸಸ್ಯಶಾಸ್ತ್ರಜ್ಞ ಪೆರಿಯೆ ದ ಲಾ ಬಾತಿ ಇದರ ಪ್ರಬಲ ಪ್ರತಿಪಾದಕನಾಗಿದ್ದನು. 1920ರ ದಶಕ ಮುಗಿಯುವಷ್ಟರಲ್ಲಿ ದಕ್ಷಿಣದ ಕಳ್ಳಿ ನಾಶವಾಯಿತು. ದನಗಳು ಸತ್ತವು, 1930ರ ಸುಮಾರಿಗೆ ಬರಗಾಲ ಬಂದಿತು, ಜನ ಊರು ಬಿಟ್ಟರು. ದಕ್ಷಿಣ ಭಾರತದಲ್ಲಿ ಇಂಥ ಅನಾಹುತ ನಡೆಯಲಿಲ್ಲ. ಇಲ್ಲಿನ ರೈತನ ಬದುಕು ಕಳ್ಳಿಯೊಂದರ ಮೇಲೆ ನಿಂತಿರಲಿಲ್ಲ. ಜೋಳ, ರಾಗಿ, ಒಣಹುಲ್ಲು, ಕೆರೆ ಇದ್ದವು. ಎರಡು ನಾಡುಗಳ ಫಲಿತಾಂಶ ಬೇರೆಯಾದದ್ದು ಕೀಟಶಾಸ್ತ್ರಜ್ಞರ ಜಾಣ್ಮೆಯಿಂದ ಅಲ್ಲ. ಜನ ಗಿಡವನ್ನು ಎಷ್ಟರಮಟ್ಟಿಗೆ ಅವಲಂಬಿಸಿದ್ದರು ಎಂಬುದರಿಂದ. ಬಿಡುಗಡೆಗೆ ಮೊದಲು ಅದನ್ನು ಅಳೆಯುವ ಗೋಜಿಗೆ ಎರಡೂ ಕಡೆ ಯಾರೂ ಹೆಚ್ಚಾಗಿ ಹೋಗಲಿಲ್ಲ.

ಮತ್ತೆ ಅಂಗಳಕ್ಕೆ

ಇಪ್ಪತ್ತನೆಯ ಶತಮಾನದ ಕೊನೆಯಿಂದ ಇದೇ ಕುಲದ ಗಿಡ ಭಾರತಕ್ಕೆ ಮೂರನೆಯ ಬಾರಿ, ಈ ಸಲ ಮುಳ್ಳಿಲ್ಲದ ಮೇವಿನ ಬೆಳೆಯಾಗಿ, ಬಂದಿದೆ. ಫೈಕಸ್ ಇಂಡಿಕಾದ ಮುಳ್ಳಿಲ್ಲದ ತಳಿಗಳಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಮೆರಿಕದ ಲೂಥರ್ ಬರ್ಬ್ಯಾಂಕ್ ಭಾರಿ ಪ್ರಚಾರ ಕೊಟ್ಟಿದ್ದನು. ಈಗ ಭಾರತದ ಸಂಶೋಧನ ಸಂಸ್ಥೆಗಳು ಒಣಸೀಮೆಗೆ ಇವನ್ನು ಪರೀಕ್ಷಿಸುತ್ತಿವೆ. 2022ರಲ್ಲಿ ಕೇಂದ್ರ ಸರಕಾರದ ಭೂಸಂಪನ್ಮೂಲ ಇಲಾಖೆ ಜಲಾನಯನ ಕಾರ್ಯಕ್ರಮದಡಿ ಪಾಳುಭೂಮಿಯಲ್ಲಿ ಇದನ್ನು ಬೆಳೆಸಲು ಉತ್ತೇಜನ ನೀಡತೊಡಗಿತು. ನಗರಗಳಲ್ಲಿ ಇದೇ ಗಿಡ ಮಹಡಿಯ ಕುಂಡಕ್ಕೆ ಏರಿದೆ. ಕುಂಡದಲ್ಲಿ ಬೆಳೆಸುವವರ ನಿಯಮಗಳು ಓಹಾಕದವೇ: ಗಾಯ ಒಣಗಿಸಿದ ಹೋಳು, ಮರಳುಮಣ್ಣು, ತೂತುಳ್ಳ ಕುಂಡ, ತುಂಬ ಬಿಸಿಲು, ಮಿತವಾದ ನೀರು. ಮುಳ್ಳಿಲ್ಲದ ತಳಿಯಲ್ಲಿಯೂ ಸೂಕ್ಷ್ಮ ಮುಳ್ಳುಗಳು ಪೂರ್ತಿ ಇಲ್ಲವೆನ್ನಲಾಗದು. ಹೋಳನ್ನು ಕಾಗದದಲ್ಲಿ ಹಿಡಿಯುವುದು ಒಳ್ಳೆಯದು.

ಹುಳುವೂ ಹೋಗಿಲ್ಲ. 1926ರಲ್ಲಿ ಬಂದ ಅದೇ ಪ್ರಭೇದ 2007ರಿಂದ ಸ್ಪೇನಿನಲ್ಲಿ, 2014ರಿಂದ ಮೊರಾಕ್ಕೋದಲ್ಲಿ ಫೈಕಸ್ ಇಂಡಿಕಾ ತೋಟಗಳನ್ನು ನಾಶಮಾಡಿದೆ. ಸಾಗುವಳಿಯ ಕಳ್ಳಿಯನ್ನು ಅದು ಬಿಡುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ಹಾಳುಕೋಟೆಯ ಕಂದಕದಲ್ಲಿ ಉಳಿದಿರುವ ಹಳೆಯ ಡಿಲ್ಲೆನಿ ಪೊದೆಗಳು ಈ ಕೀಟಕ್ಕೆ ನೆಲೆಯಾಗಬಲ್ಲವು. ಪಾಳುಭೂಮಿಯಲ್ಲಿ ಹೊಸ ತೋಟ ಹಾಕುವ ಯೋಜನೆಗಳು ಮೊದಲು ಗಮನಿಸಬೇಕಾದುದು ಇದನ್ನೇ. ಕುಂಡದ ಗಿಡದ ಕಣ್ಣುಗಳ ಬಳಿ ಹತ್ತಿಯ ಚೂರಿನಂಥ ಬಿಳಿ ಗಂಟುಗಳು ಕಂಡರೆ ಗಟ್ಟಿ ಕುಂಚ ಮತ್ತು ಸಾಬೂನಿನ ನೀರಿನಿಂದ ಉಜ್ಜಿ ತೆಗೆಯಬೇಕು. ಹೆಚ್ಚು ಹತ್ತಿದ ಹೋಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಹೊರಹಾಕಬೇಕು. ಆ ಬಿಳಿ ಗಂಟನ್ನು ಬೆರಳಿನಿಂದ ಹಿಸುಕಿದರೆ ಬರುವುದು, ಆ್ಯಂಡರ್ಸನ್ ಸೈದಾಪೇಟೆಯಲ್ಲಿ ವರ್ಷಗಟ್ಟಲೆ ಕಾದು ಕುಳಿತಿದ್ದ ಕಿರಮಂಜಿ ಕೆಂಪು.